ಇಜ್ಜಾ ನುಂಗಿಕೊಂಡ ಪ್ರಶ್ನೆ

ತಿಜ್ದಾರ್ ಊರಿನ ಸಂತೆ ಸೇರುವುದು ಹೊಳೆಯ ಮಡಿಲಲ್ಲೇ. ಹೊಳೆಯೆಂದರೆ ಹೆಸರಿಗಷ್ಟೇ ಹೊಳೆ. ವರ್ಷವಿಡೀ ಅಲ್ಲಿ ಇರುವುದು ಮರಳು, ಉರುಟುಗಲ್ಲು, ಅಲ್ಲೊಂದು ಇಲ್ಲೊಂದು ಕಣಗಿಲೆ ಪೊದೆ. ಅಟ್ಲಾಸ್ ಬೆಟ್ಟದ ಬುಡದಲ್ಲಿ ಅಷ್ಟು ಸಮತಟ್ಟಾದ ಜಾಗ ಬೇರೆಲ್ಲಿ ಸಿಗಬೇಕು ಹೇಳಿ? ಹಾಗಾಗಿ ಪ್ರತಿ ಮಂಗಳವಾರ ಕುರಿ, ಪುದೀನ, ಹಳೇ ಬಟ್ಟೆ ಎಲ್ಲವೂ ಅಲ್ಲಿಗೇ ಇಳಿಯುತ್ತಿದ್ದವು. ನಟ್ಟನಡುವಿನ ಒಳ್ಳೆಯ ಜಾಗ ಹಿಡಿದು ಲಹ್ಸೆನ್ ತನ್ನ ಮಣ್ಣಿನ ತಜೀನ್ ಪಾತ್ರೆಗಳನ್ನು ಹರವಿಕೊಂಡು ಕೂರುತ್ತಿದ್ದ.

ಅವನ ಹೆಂಡತಿ ಇಜ್ಜಾ ಮಂಗಳವಾರ ಬಂತೆಂದರೆ ಹತ್ತು ಸಲ ಆಕಾಶ ನೋಡುತ್ತಿದ್ದಳು. ಹಿಂದಿನ ವರ್ಷ ಪಕ್ಕದ ಕಣಿವೆಯಲ್ಲಿ ಹೊಳೆ ಬಂದು, ಜನರಿದ್ದ ವ್ಯಾನೊಂದು ಹಾಗೇ ಕೊಚ್ಚಿಹೋಗಿತ್ತು. ಆ ಸುದ್ದಿ ಕೇಳಿದಾಗಿನಿಂದ ಅವಳಿಗೆ ನೆಮ್ಮದಿಯೇ ಇರಲಿಲ್ಲ.

"ಇವತ್ತೊಂದಿನ ದಡದ ಮೇಲೆ ಅಂಗಡಿ ಹಾಕು ಮಾರಾಯ."

"ಆಕಾಶ ನೋಡೇ. ಒಂದೇ ಒಂದು ಮೋಡ ತೋರಿಸು, ಹಾಕ್ತೀನಿ."

ತೋರಿಸಲು ಮೋಡ ಎಲ್ಲಿಂದ ತರುತ್ತಾಳೆ ಪಾಪ!

ಒಂದು ಸಂಜೆ ಪಕ್ಕದ ಮನೆಯ ಫದ್ಮಾ ಬಂದಳು. ಅವಳು ಪಂಚಾಯಿತಿ ಸದಸ್ಯೆ, ಊರಿನವರೇ ಆರಿಸಿ ಕಳಿಸಿದವಳು. "ನಾಡಿದ್ದು ಸಭೆ ಇದೆ. ಹೊಳೆ ಬಂದ್ರೆ ಏನು ಮಾಡಬೇಕು ಅಂತ ಯೋಜನೆ ಮಾಡ್ತೀವಿ. ಪ್ರಾಂತ್ಯದ ಅಧಿಕಾರಿ ಬರ್ತಾರೆ, ಮೇಲಿನ ಅಫೆಲ್ಲ ಊರಿನವರೂ ಬರ್ತಾರೆ. ನೀವಿಬ್ಬರೂ ಬನ್ನಿ."

ಲಹ್ಸೆನ್ ಚಹಾದ ಲೋಟ ಕೆಳಗಿಟ್ಟು ನಕ್ಕ. "ಕುಡಿಯೋಕೇ ನೀರಿಲ್ಲ, ಹೊಳೆ ಬರುತ್ತಂತೆ! ಮಳೆ ಕಮ್ಮಿ ಆಗಿ ಎಷ್ಟು ವರ್ಷ ಆಯ್ತು ಫದ್ಮಾ ಅಕ್ಕಾ?"

"ಕಮ್ಮಿ ಆಗಿರೋದು ಮಳೆ ಬರೋ ದಿನ, ಬಂದಾಗಿನ ರಭಸ ಅಲ್ಲ. ತಿಂಗಳುಗಟ್ಟಲೆ ಬೀಳಬೇಕಾದ್ದು ಒಂದೇ ಮಧ್ಯಾಹ್ನ ಸುರಿಯುತ್ತೆ. ಒಣಗಿ ಕಲ್ಲಾಗಿರೋ ನೆಲ ಅದನ್ನ ಕುಡಿಯಲ್ಲ, ಪೂರ್ತಿ ಕೆಳಗೆ ಬಿಡುತ್ತೆ. ಇನ್ನೊಂದು ಮಾತು, ಮಳೆ ಬೀಳೋದು ಅಫೆಲ್ಲದ ಬೆಟ್ಟದಲ್ಲಿ. ನೀನು ನೋಡ್ತಾ ಕೂತಿರೋದು ನಮ್ಮೂರಿನ ಆಕಾಶ."

ಇಜ್ಜಾ ಬಾಗಿಲಾಚೆ ಬೆಟ್ಟದ ಕಡೆ ನೋಡಿದಳು. ಇಷ್ಟು ದಿನ ತಾನೂ ಅದೇ ಆಕಾಶ ನೋಡಿ ಸಮಾಧಾನ ಮಾಡಿಕೊಳ್ಳುತ್ತಿದ್ದಳಲ್ಲ!

ಸಭೆಗೆ ಇಬ್ಬರೂ ಹೋದರು. ಸಂತೆಯನ್ನು ದಡದ ಮೇಲಿನ ಒಕ್ಕಣೆ ಕಣಕ್ಕೆ ತರೋಣ ಎಂದು ಫದ್ಮಾ ಹೇಳಿದ್ದೇ ತಡ, ಅಂಗಡಿಯವರೆಲ್ಲ ಹೋ ಎಂದು ಎದ್ದರು. ಎಲ್ಲರಿಗಿಂತ ಜೋರು ಲಹ್ಸೆನ್‌ನದೇ. ಅಷ್ಟು ಎತ್ತರಕ್ಕೆ ಗಿರಾಕಿ ಹತ್ತುತ್ತಾರಾ ಎಂದು ಕೂಗಾಡಿದ. ಆ ಮಾತು ಅಲ್ಲಿಗೇ ನಿಂತಿತು. ಆಮೇಲೆ ಹೊಳೆ ಬರುವ ಸುದ್ದಿಯನ್ನು ಅಫೆಲ್ಲದವರು ಫೋನ್ ಮಾಡಿ ತಿಳಿಸಬೇಕು ಎಂಬ ಮಾತು ಬಂತು. ಲಹ್ಸೆನ್ ಮತ್ತೆ ಎದ್ದ.

"ಬೇಸಿಗೇಲಿ ನಮ್ಮ ಪಾಳಿಯ ನೀರು ಕದಿಯೋರು ಇವರು. ಇವರು ನಮ್ಮನ್ನ ಉಳಿಸ್ತಾರಾ?"

ಅಫೆಲ್ಲದ ಹಿರಿಯನೊಬ್ಬ ಕೂತಲ್ಲಿಂದಲೇ ಅಂದ, "ನೀರು ಕದಿಯೋದು ಬೇರೆ, ಹೆಣ ತೇಲಿಬಿಡೋದು ಬೇರೆ ಕಣಯ್ಯಾ."

"ಇದು ಯಾರದ್ದೋ ಒಳ್ಳೇತನ ನಂಬಿಕೊಂಡು ಕೂರೋ ವಿಷಯ ಅಲ್ಲ" ಎಂದಳು ಫದ್ಮಾ. "ಫೋನ್ ಯಾರು ಮಾಡಬೇಕು, ಇಲ್ಲಿ ಯಾರು ಎತ್ತಬೇಕು, ಜನರನ್ನ ಯಾರು ಎಬ್ಬಿಸಬೇಕು, ಎಲ್ಲಾ ಮೊದಲೇ ಗೊತ್ತಾಗಿರಬೇಕು. ಎರಡೂ ಪಂಚಾಯಿತಿ ಒಪ್ಪಿದ ಮೇಲೆ ಅದು ಉಪಕಾರ ಅಲ್ಲ, ಕೆಲಸ."

ಅಫೆಲ್ಲದ ಕಾವಲುಗಾರ ಮೀಮೂನ್ ಫೋನ್ ಮಾಡುವುದು, ಇಲ್ಲಿ ಮಸೀದಿಯ ಮೈಕಿನಲ್ಲಿ ಕೂಗಿ ಜನರನ್ನು ಎಬ್ಬಿಸುವುದು ಎಂದು ತೀರ್ಮಾನವಾಯಿತು. ಆಗ ಇಜ್ಜಾಳ ಬಾಯಿಂದ, ತಡೆಯಲಾರದೆ, ಮಾತು ಹೊರಬಿತ್ತು. "ಅವನು ಅವತ್ತು ಮದುವೆಗೋ ಮುಂಜಿಗೋ ಹೋಗಿದ್ರೆ?"

ಸಭೆ ಗೊಳ್ಳೆಂದು ನಕ್ಕಿತು. ಲಹ್ಸೆನ್ ತಲೆ ತಗ್ಗಿಸಿದ. ಆದರೆ ಪ್ರಾಂತ್ಯದ ಅಧಿಕಾರಿ ನಗಲಿಲ್ಲ. "ಹೌದಲ್ಲ, ಇನ್ನೊಬ್ಬರು ಬೇಕು" ಎಂದರು. ಅಫೆಲ್ಲದ ಶಾಲೆಯಲ್ಲಿ ಅಡುಗೆ ಮಾಡುವ ರಕಿಯಾ ತಾನಿದ್ದೇನೆ ಎಂದಳು.

ಇಜ್ಜಾಳಿಗೆ ಸ್ವಲ್ಪ ಧೈರ್ಯ ಬಂತು. "ಸಂತೆ ಗದ್ದಲದಲ್ಲಿ ಮಸೀದಿ ಮೈಕು ಕೇಳಿಸದೆ ಹೋದ್ರೆ?"

ಹಾಗಾದರೆ ಮೈಕಿನ ಜೊತೆಗೆ ಮೀನಾರಿನ ಮೇಲಿಂದ ಕೆಂಪು ಬಟ್ಟೆಯನ್ನೂ ಇಳಿಬಿಡುವುದೆಂದಾಯಿತು.

ಅವಳ ನಾಲಿಗೆಯ ತುದಿಯಲ್ಲಿ ಮೂರನೆಯದೂ ಇತ್ತು. ಕೇಳಿಸಿದರೂ, ಕಂಡರೂ, ಅಂಗಡಿ ಬಿಟ್ಟು ಒಬ್ಬ ಏಳದೇ ಹೋದರೆ? ಕೇಳಬೇಕೆಂದು ಬಾಯಿ ತೆರೆದಳು. ಲಹ್ಸೆನ್ ಕಣ್ಣು ಕೆಕ್ಕರಿಸಿದ. ಇಜ್ಜಾ ಪ್ರಶ್ನೆಯನ್ನು ನುಂಗಿಕೊಂಡು ಕೂತಳು.

ಬೇಸಿಗೆ ಮುಗಿಯುತ್ತಾ ಬಂತು. ಒಂದು ಮಂಗಳವಾರ ಅವಳು ಮಾಳಿಗೆಯ ಮೇಲೆ ಅಂಜೂರ ಒಣಹಾಕುತ್ತಿದ್ದಳು. ಆಕಾಶದಲ್ಲಿ ಮೋಡದ ಚೂರೂ ಇಲ್ಲ. ಸೊಂಟ ನೆಟ್ಟಗೆ ಮಾಡಲು ಎದ್ದು ಹಾಗೇ ಮಸೀದಿಯ ಕಡೆ ನೋಡಿದಳು. ಮೀನಾರಿನಿಂದ ಕೆಂಪು ಬಟ್ಟೆ ಇಳಿಬಿದ್ದಿತ್ತು.

ಕೆಳಗೆ ನೋಡಿದರೆ ಜನ ದಡ ಹತ್ತುತ್ತಿದ್ದಾರೆ, ಕುರಿಗಳು ಹತ್ತುತ್ತಿವೆ. ಮಧ್ಯದಲ್ಲಿ ಲಹ್ಸೆನ್ ಮಾತ್ರ ನಿಧಾನವಾಗಿ ತಜೀನ್‌ಗಳಿಗೆ ಹುಲ್ಲು ಸುತ್ತುತ್ತಿದ್ದಾನೆ! ಅವನನ್ನು ನೋಡಿಕೊಂಡು ಪಕ್ಕದ ಹಗ್ಗದ ಅಂಗಡಿಯ ಮುದುಕನೂ ಕೂತೇ ಇದ್ದಾನೆ. ಇಜ್ಜಾ ಬರಿಗಾಲಲ್ಲಿ ಓಡಿದಳು.

"ಬಾರೋ! ಎದ್ದು ಬಾರೋ!"

"ಇದೊಂದು ಹೇರು ಕಟ್ಟಿಬಿಡ್ತೀನಿ. ಬಿಸಿಲು ಹೆಂಗೆ ಹೊಡೀತಿದೆ ನೋಡು, ನೀನೂ ಸರಿ, ನಿನ್ನ ಫದ್ಮಾನೂ ಸರಿ."

"ಮಕ್ಕಳ ಮುಖ ನೋಡಾದ್ರೂ ಬಾರೋ!"

"ಚಳಿಗಾಲಕ್ಕೆ ಮಕ್ಕಳು ಉಣ್ಣೋದು ಇದರಿಂದಲೇ ಕಣೇ."

ಕೈಹಿಡಿದು ಎಳೆದಳು, ಅವನು ಕೊಸರಿಕೊಂಡ. ಕಾಲ ಬಳಿ ಇದ್ದ ಒಂದು ಉರುಟುಗಲ್ಲನ್ನು ಇಜ್ಜಾ ಎತ್ತಿಕೊಂಡಳು. ಎಲ್ಲಕ್ಕಿಂತ ದೊಡ್ಡ ತಜೀನ್ ಮೇಲೆ ಹಾಕಿದಳು. ಫಳಾರ್! ಇನ್ನೊಂದರ ಮೇಲೆ. ಮತ್ತೊಂದರ ಮೇಲೆ. ಕಟ್ಟಿಟ್ಟ ಹೇರನ್ನೂ ಕಾಲಿನಿಂದ ಒದ್ದು ಉರುಳಿಸಿದಳು.

"ಈಗ ಕಾಯಿ! ಏನು ಕಾಯ್ತೀಯೋ ಕಾಯಿ!"

"ಅಯ್ಯೋ ಮನೆಹಾಳಿ!" ಲಹ್ಸೆನ್ ಕತ್ತೆ ಹೊಡೆಯುವ ಕೋಲು ಎತ್ತಿಕೊಂಡ. ಇಜ್ಜಾ ದಡದ ಕಡೆ ಓಟಕಿತ್ತಳು. ಅವಳ ಹಿಂದೆ ಅವನು, ಬಾಯಿಗೆ ಬಂದ ಹಾಗೆ ಬೈಯುತ್ತಾ. ಗಂಡಹೆಂಡಿರ ಜಗಳ ಬಿಡಿಸಲು ಹಗ್ಗದ ಮುದುಕನೂ ಏದುಸಿರು ಬಿಡುತ್ತಾ ಹಿಂದೆಯೇ ಓಡಿದ. ದಡದ ಮೇಲೆ ಲಹ್ಸೆನ್ ಅವಳನ್ನು ಹಿಡಿದು ಕೋಲು ಎತ್ತಿದ. ಆಗ ಕೆಳಗಿನಿಂದ ಲಾರಿಯಿಂದ ಕಲ್ಲು ಸುರಿದಂಥ ಸದ್ದು ಬಂತು.

ಕೆಂಪು ಕೆಸರುನೀರು, ಬೇರುಸಮೇತ ಮರಗಳು. ತಜೀನ್ ಹರವಿದ್ದ ಜಾಗ ಕಣ್ಣೆದುರೇ ಇಲ್ಲವಾಯಿತು. ಲಹ್ಸೆನ್‌ನ ಕೈಯಿಂದ ಕೋಲು ಜಾರಿಬಿತ್ತು. ಇಜ್ಜಾ ಅವನ ಎದೆಗೆ ಗುದ್ದುತ್ತಾ ಅತ್ತಳು. "ಅವತ್ತೇ ಕೇಳಬೇಕಿತ್ತು ನಾನು. ಅವತ್ತೇ ಕೇಳಿಬಿಡಬೇಕಿತ್ತು."

ಸಂಜೆ ಫದ್ಮಾ ಬಂದು ಇನ್ನೊಂದು ಮಾತು ಹೇಳಿದಳು. ಮೀಮೂನ್ ನಿಜಕ್ಕೂ ಸೋದರನ ಮದುವೆಗೆಂದು ಬೇರೆ ಊರಿಗೆ ಹೋಗಿದ್ದನಂತೆ. ಫೋನ್ ಮಾಡಿದ್ದು ರಕಿಯಾ.

ಮುಂದಿನ ಸಭೆಯಲ್ಲಿ ಮೊದಲು ಎದ್ದವನು ಲಹ್ಸೆನ್. "ಎಲ್ಲಾ ಗೊತ್ತಾದ ಮೇಲೂ ನನ್ನಂಥ ಮೊಂಡ ಏಳದೆ ಹೋದ್ರೆ? ಇದಕ್ಕೇನು ಮಾಡ್ತೀರಿ? ಎಲ್ಲರ ಹೆಂಡತೀನೂ ತಜೀನ್ ಒಡೆಯೋಕೆ ಬರಲ್ಲ. ಸಂತೇನ ಕಣಕ್ಕೆ ತನ್ನಿ, ನನ್ನ ಅಂಗಡಿ ಮೊದಲು ಅಲ್ಲಿ ಹಾಕ್ತೀನಿ." ಈ ಸಲ ಯಾರೂ ನಗಲಿಲ್ಲ.

ಅಕ್ಕಾ, ಅಣ್ಣಾ, ನಿಮ್ಮೂರಿನಲ್ಲೂ ಒಂದು ಹಳ್ಳವಿರಬಹುದು, ಕೆರೆಯ ಏರಿಯಿರಬಹುದು, ಜರಿಯುವ ಗುಡ್ಡವಿರಬಹುದು. ಪಂಚಾಯಿತಿ ಸಭೆ ಕರೆದರೆ ತಪ್ಪಿಸಬೇಡಿ. ಕರೆಯದಿದ್ದರೆ, ಕರೆಯಿರಿ ಎಂದು ಕೇಳಿ. ಮೇಲಿನ ಊರಿನವರೊಡನೆ ಎಷ್ಟೇ ಜಗಳವಿರಲಿ, ಒಟ್ಟಿಗೆ ಕೂತು ಮಾತಾಡಿ. ರಾತ್ರಿ ನಿಮ್ಮ ನಿದ್ದೆಗೆಡಿಸುವ ಭಯವನ್ನು ಮನೆಯಲ್ಲೇ ಬಿಟ್ಟುಹೋಗಬೇಡಿ, ಸಭೆಗೆ ತನ್ನಿ. ನಗುವವರು ನಗಲಿ. ಆ ಮೂರನೆಯ ಪ್ರಶ್ನೆಯನ್ನು ಮಾತ್ರ ನುಂಗಿಕೊಳ್ಳಬೇಡಿ.