ವಿಮಾನ ಕಂಡ ಗುಡ್ಡ

ಟಿಮ್ಮಿನ್ಸ್ ಊರಿನ ವಿಮಾನ ನಿಲ್ಲಿಸುವ ಹ್ಯಾಂಗರಿನಲ್ಲಿ ಅಂದು ಡೋನಟ್ಟಿಗೂ ಬರವಿರಲಿಲ್ಲ, ಬಡಾಯಿಗೂ ಬರವಿರಲಿಲ್ಲ. ಎರಡನ್ನೂ ಹೊತ್ತು ತಂದವನು ಟ್ರೆಂಟ್ ಡೆಕ್ಕರ್. ವಿಮಾನದಲ್ಲಿ ಹಾರುತ್ತಲೇ ನೆಲದ ಗುರುತ್ವ ಅಳೆಯುವ ಹೊಸ ಯಂತ್ರವನ್ನು ಮಾರಲು ಬಂದಿದ್ದ.

ಅದು ಪಾಸೋ ಫೇಲೋ ಹೇಳಬೇಕಾದವಳು ಸರ್ವೆ ಕಚೇರಿಯ ಓಡೀಲ್ ಜೆರ್ವೆ. ಊರಾಚೆ ಒಂದು ಗೆರೆಯುದ್ದಕ್ಕೂ ಹಿಂದೆ ಜನ ನಡೆದು ಅಳೆದ ಅಂಕಿಗಳಿದ್ದವು. ಅದೇ ಗೆರೆಯ ಮೇಲೆ ಹಾರಿ, ಯಂತ್ರದ ಅಂಕಿ ಅದಕ್ಕೆ ಹೊಂದುತ್ತದೋ ಇಲ್ಲವೋ ನೋಡುವುದೇ ಪರೀಕ್ಷೆ. ಆ ಹಳೆಯ ಅಂಕಿಗಳು ಕೇಳಿದವರಿಗೆಲ್ಲ ಸಿಗುತ್ತಿದ್ದವು. ಪ್ರಶ್ನೆಪತ್ರಿಕೆಯ ಜೊತೆ ಉತ್ತರವನ್ನೂ ಹಂಚುವ ಬುದ್ಧಿವಂತರ ಕಚೇರಿ ಅದು. ಹೊಸದು ಪಾಸಾದರೆ ಓಡೀಲಳ ಹಳೆಯ ಯಂತ್ರ ಗುಜರಿಗೆ, ಅದನ್ನು ಹಾರಿಸುವ ಇಬ್ಬರು ಮನೆಗೆ.

ಹಾರಾಟ ಮುಗಿಸಿ ಅಂಕಿಗಳನ್ನು ಕಾಗದದ ಮೇಲೆ ಗೆರೆಯಾಗಿ ಬಿಡಿಸಿದಾಗ, ಡೆಕ್ಕರನ ಗೆರೆ ನೆಲದ ಹಳೆಯ ಅಂಕಿಗಳ ಗೆರೆಯ ಮೇಲೆ ಅಂಟಿಸಿದಂತೆ ಕೂತಿತ್ತು. ಗಾಳಿಗೆ ಕುಲುಕುವ ವಿಮಾನದಲ್ಲಿ ಇಷ್ಟು ನುಣುಪಾಗಿ ಅಳೆದ ಯಂತ್ರವನ್ನು ಅವಳು ಜನ್ಮದಲ್ಲಿ ಕಂಡಿರಲಿಲ್ಲ. ಅವಳಿಗೆ ಮೈ ಉರಿಯಿತು.

ಮೇಲಧಿಕಾರಿ ಮರ್ರೆ ಹಾಲ್ಪೆನಿ ಮೀಸೆಗೆ ಡೋನಟ್ಟಿನ ಸಕ್ಕರೆ ಮೆತ್ತಿಕೊಂಡೇ ಬಂದ. "ಏನೇ ಓಡೀಲ್, ಸಹಿ ಹಾಕೋಕೆ ಮುಹೂರ್ತ ನೋಡ್ತಿದೀಯಾ? ನಿನ್ನ ಡಕೋಟ ಡಬ್ಬಿ ಒಂದಿನಾನಾದ್ರೂ ಹಿಂಗೆ ಅಳೆದಿತ್ತಾ?"

"ಇಲ್ಲಪ್ಪ. ಅದಕ್ಕೆ ಇಷ್ಟು ನಾಚಿಕೆ ಬಿಡೋಕೆ ಬರಲ್ಲ." ಓಡೀಲ್ ಗೆರೆಯ ನಡುವಿನ ಉಬ್ಬಿನ ಮೇಲೆ ಬೆರಳಿಟ್ಟಳು. "ಡೆಕ್ಕರ್, ಇದೇನು?"

"ಗಣಿಯವರು ಸುರಿದ ಕಲ್ಲುಗುಡ್ಡ, ಮೇಡಂ. ಕಲ್ಲು ಜಾಸ್ತಿ ಇದ್ದಲ್ಲಿ ಸೆಳೆತ ಜಾಸ್ತಿ. ಹೆಂಗೆ ಹಿಡಿದಿದೆ ನೋಡಿ!"

"ಹಾರುವಾಗ ಕಂಡಿತಾ?"

"ಕಾಣ್ದೆ ಏನು? ಇಷ್ಟೆತ್ತರ ಇದೆ. ನಾನೇ ಕಣ್ಣಾರೆ ನೋಡ್ದೆ."

ಗುಡ್ಡ ಒಂದು ಕಾಲಕ್ಕೆ ಇದ್ದದ್ದು ನಿಜ. ಚಳಿಗಾಲದಲ್ಲಿ ಊರ ಮಕ್ಕಳೆಲ್ಲ ಅದರ ಮೇಲಿಂದ ಹಿಮದಲ್ಲಿ ಜಾರುತ್ತಿದ್ದರು. ಆಮೇಲೆ ಹೆದ್ದಾರಿ ಹಾಕುವವರು ಅದನ್ನು ಪೂರಾ ಲಾರಿಗೆ ತುಂಬಿ ಸಾಗಿಸಿದರು. ಈಗ ಅಲ್ಲಿರುವುದು ಬಟ್ಟಬಯಲು. ಅಂಕಿ ತಿದ್ದಿ ಎಂದು ಓಡೀಲ್ ಗೋಗರೆದರೂ ಕಚೇರಿಗೆ ಪುರುಸೊತ್ತಾಗಿರಲಿಲ್ಲ. ಅಲ್ಲಿ ಉಬ್ಬು ತೋರಿಸದ ತಪ್ಪಿಗೆ ಅವಳ ಹಳೆಯ ಯಂತ್ರ ಪ್ರತಿ ವರ್ಷ ಬೈಸಿಕೊಳ್ಳುತ್ತಿತ್ತು.

"ಮರ್ರೆ, ನೀನು ಜಾರಿ ಹಲ್ಲು ಮುರ್ಕೊಂಡ ಗುಡ್ಡ ವಾಪಸ್ ಬಂದಿದೆಯಂತೆ ಮಾರಾಯ. ಹೋಗು, ಹಲ್ಲು ಸಿಕ್ರೆ ಎತ್ಕೊಂಡು ಬಾ."

ಹಾಲ್ಪೆನಿ ಅಗಿಯುವುದನ್ನು ನಿಲ್ಲಿಸಿದ. ಡೆಕ್ಕರನ ಮುಖ ಬಿಳಿಚಿಕೊಂಡಿತು, ಆದರೆ ಮಾರುವವನ ಬಾಯಿ ಅಷ್ಟು ಬೇಗ ಸೋಲುತ್ತದೆಯೇ?

"ಅಷ್ಟಕ್ಕೆ ಯಾಕೆ ಬೇಜಾರು, ಮೇಡಂ? ನೆಲದ ಹೊಸ ಅಂಕಿ ಕೊಡಿ, ನಾಳೆ ಇನ್ನೊಂದ್ಸಲ ಹಾರಿಸ್ತೀನಿ. ಕರೆಕ್ಟಾಗೇ ಬರತ್ತೆ."

ಓಡೀಲ್ ವರದಿಯ ಮೇಲೆ 'ಫೇಲ್' ಎಂದು ದೊಡ್ಡದಾಗಿ ಬರೆದು, ಡೋನಟ್ ಡಬ್ಬವನ್ನು ಎತ್ತಿಕೊಂಡು, ಹೊರಗೆ ಹಳೆಯ ವಿಮಾನ ತೊಳೆಯುತ್ತಿದ್ದ ಇಬ್ಬರ ಕಡೆಗೆ ನಡೆದಳು.