ಕುದುರೆ ಇದ್ದ ಪಟ

ಕೊಯಮತ್ತೂರಿನ ಮಿಲ್ಲಿಗೆ ಸೇರಿದ ಶಿವಲಿಂಗಂ ವೆಳ್ಳಕೋಯಿಲಿನ ಮನೆಗೆ ಕಾಗದ ಬರೆಯುತ್ತಿರಲಿಲ್ಲ. ಆ ಮಗ್ಗದ ಮನೆಯಲ್ಲಿ ಓದಬಲ್ಲವರೇ ಇರಲಿಲ್ಲ. ಬದಲಿಗೆ ಹಬ್ಬಕ್ಕೊಂದು ತನ್ನ ಫೋಟೋ ಪಟ ಹಿಡಿಸಿ ಅಂಚೆಗೆ ಹಾಕುತ್ತಿದ್ದ. ಮೊದಲನೆಯದರಲ್ಲಿ ಬರಿಗಾಲು, ಎರಡನೆಯದರಲ್ಲಿ ಬೂಟು. ಕೆಲಸ ಖಾಯಂ ಆಯಿತೆಂದು ಹೆಂಡತಿ ತಂಗಮಣಿ ಅರ್ಥ ಮಾಡಿಕೊಂಡಳು. ಮೂರನೆಯದರಲ್ಲಿ ಅವನ ಪಕ್ಕ ಮಕ್ಕಳು ಆಡುವ ಮರದ ಕುದುರೆಯಿತ್ತು.

"ನಮಗೆ ಕೂಸಿಲ್ಲ. ಇದು ಯಾರ ಕೂಸಿಂದು ಅತ್ತೆ?"

"ಪಟದ ಅಂಗಡೀದು ಇರ್ತದೆ, ಹೋಗೇ ಹುಚ್ಚಿ! ಚೆಂದಕ್ಕೆ ಇಟ್ಟಿರ್ತಾರೆ."

"ನಿಮ್ಮ ಮಗ ಅಲ್ಲವಾ, ಹಂಗೇ ಹೇಳ್ತೀರಿ."

ಲಾಳಿ ಎಸೆಯುವಾಗಲೂ ಅವಳ ಕಣ್ಣೆದುರು ಆ ಕುದುರೆಯ ಮೇಲೆ ಯಾವುದೋ ಮಗು ಕೂತೇ ಇರುತ್ತಿತ್ತು. ಕೊನೆಗೆ ತಿರುಪ್ಪೂರಿಗೆ ಹೋಗಿ, ಪಟದ ಅಂಗಡಿಯ ಕುರ್ಚಿಯ ಮೇಲೆ ಯಾರೋ ಗಂಡಸಿನ ಪೇಟ ಇಡಿಸಿ, ಪಕ್ಕದಲ್ಲಿ ತಾನು ನಿಂತು ಪಟ ಹಿಡಿಸಿ ಗಂಡನಿಗೆ ಕಳಿಸಿದಳು.

ಆ ವಾರವೇ ಶಿವಲಿಂಗಂ ಓಡಿಬಂದ. "ಯಾರೇ ಅವನು?" ಎನ್ನುತ್ತ ಅಟ್ಟ ಹತ್ತಿದ, ಹಿತ್ತಲು ಜಾಲಾಡಿದ, ಮಗ್ಗದ ಕೆಳಗೆ ಕಾಲಿಡುವ ಗುಂಡಿಗೂ ಬಗ್ಗಿ ನೋಡಿದ. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಇನ್ನೊಂದು ಸಂಸಾರ ಕಟ್ಟಿಕೊಂಡವನು ಹೀಗೆ ಬೆವರಲಾರ ಎನ್ನಿಸಿ ತಂಗಮಣಿಯ ಎದೆ ಹಗುರಾಯಿತು. ಆದರೂ ಇನ್ನಷ್ಟು ಹುಡುಕಲಿ ಎಂದು ಅವಳು ಪೇಟದ ಗುಟ್ಟು ಬಿಟ್ಟುಕೊಡಲಿಲ್ಲ.