ಸಂಜೆಗೆ ಬರುತ್ತೇನೆ ಎಂದವನು

ನಸೀರಾ ತನ್ನ ಬಳೆ ಅಂಗಡಿಯಿಂದ ಎದ್ದು ಬಂದು ಶಿವಲಿಂಗನ ಸಂಬಂಧದ ಮಾತೆತ್ತಿದಾಗ ವಿದ್ಯಾವತಿ ತನ್ನ ಹೊಲಿಗೆ ಅಂಗಡಿಯಲ್ಲಿ ರವಿಕೆಗೆ ಕೊಕ್ಕೆ ಹಚ್ಚುತ್ತಿದ್ದಳು. ಮುಂಡಗೋಡದ ಬಸ್‌ಸ್ಟ್ಯಾಂಡಿನ ಹಿಂದೆ ಇಬ್ಬರ ಅಂಗಡಿಗೂ ನಡುವೆ ಒಂದೇ ಗೋಡೆ.

"ಭಾಳ ಭರೋಸೆದ ಮನುಷ್ಯಾ. ನಮ್ಮ ಮನಿಯವರ ಗ್ಯಾರೇಜಿನ ಕೀಲಿಕೈ ಇರೂದು ಅವನ ಕಡೇನ."

"ಹಿಂದಿನಾಂವನ್ನ ತೋರಿಸಿದಾಗೂ ಹಂಗ ಅಂದಿದ್ರು," ಎಂದು ವಿದ್ಯಾವತಿ ನಕ್ಕಳು. ಬಿಟ್ಟುಹೋದ ಆ ಗಂಡ ಯಾವುದಕ್ಕೂ ಇಲ್ಲ ಎಂದವನಲ್ಲ. ಕೇಳಿದ್ದಕ್ಕೆಲ್ಲ "ಆತು, ಬಂದೆ" ಎನ್ನುತ್ತಿದ್ದ. ಅವಳು ಬಾಗಿಲಲ್ಲಿ ನಿಂತು ದಾರಿ ನೋಡಿ ನೋಡಿ, ಮುಡಿದ ಹೂವು ಬಾಡಿದ ಮೇಲೆ ಒಳಗೆ ಹೋಗುತ್ತಿದ್ದಳು.

ಶಿವಲಿಂಗ ಬಂದು ಚಹಾ ಕುಡಿದು ಹೋದ. ಇನ್ನೊಮ್ಮೆಯೂ ಬಂದ. ಮಾತು ಕಡಿಮೆ. ಅವ್ವನ ಕಣ್ಣಿನ ಆಪರೇಶನ್ನಿಗೆ ಹುಬ್ಬಳ್ಳಿಯಲ್ಲಿ ದಿನ ಗೊತ್ತಾದಾಗ ವಿದ್ಯಾವತಿ, ಶಿವಲಿಂಗನನ್ನು ಪರೀಕ್ಷೆ ಮಾಡಿಯೇಬಿಡೋಣವೆಂದು ಕೇಳಿದಳು: "ಸೋಮವಾರ ನಿಮ್ಮ ಗಾಡಿ ಸಿಗ್ತೈತೇನ್ರಿ?"

"ಮುಂಜಾನೆ ಆಗೂದಿಲ್ರಿ. ಪಾಳಾ ಊರಾಗ ಮುದಕಪ್ಪನ ಪಂಪು ಬಿಚ್ಚಿಟ್ಟೇನಿ, ಕೂಡಿಸಬೇಕು. ಗದ್ದಿ ಒಣಗಾಕತ್ತೈತಿ. ಸಂಜಿಗೆ ಕರಕೊಂಡು ಬರಾಕ ಬರ್ತೇನಿ."

"ಇದ ಏನು ನಿನ್ನ ಭರೋಸಾ? ಮೊದಲನೇ ಮಾತಿಗೇ ಆಗೂದಿಲ್ಲ ಅಂದ!" ಎಂದು ಅವಳು ನಸೀರಾಳ ಮೇಲೆ ಹರಿಹಾಯ್ದಳು.

ಸೋಮವಾರ ತಾಯಿ ಸುಶೀಲವ್ವನ ಕೈ ಹಿಡಿದು ಬಸ್ಸಿನಲ್ಲೇ ಹೋದಳು. ಅವ್ವ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಹೊರಬಂದಾಗ ಇಳಿಹೊತ್ತು. ಬೆಂಚಿನಲ್ಲಿದ್ದ ಹೆಂಗಸೊಬ್ಬಳು ಕೇಳಿದಳು, "ವಾಪಸ್ ಬಸ್ ಎಷ್ಟಕ್ಕೈತ್ರಿ ನಿಮ್ದು?"

ಬಸ್ಸಿನ ವೇಳೆಯನ್ನು ವಿದ್ಯಾವತಿ ವಿಚಾರಿಸಿಯೇ ಇರಲಿಲ್ಲ. ದಿನವಿಡೀ ಒಮ್ಮೆಯೂ ಗೇಟಿನ ಕಡೆ ನೋಡಿರಲಿಲ್ಲ, ಶಿವಲಿಂಗನಿಗೆ ಫೋನು ಮಾಡಿ ಕೇಳಿರಲಿಲ್ಲ. ಇಷ್ಟೆಲ್ಲ ಸಿಟ್ಟಾಗಿದ್ದ ಮನಸ್ಸು ಯಾವಾಗಲೋ ಅವನ ಮಾತಿಗೆ ಒರಗಿ ಹಾಯಾಗಿ ಕೂತುಬಿಟ್ಟಿತ್ತು.

ಅಷ್ಟರಲ್ಲಿ ಶಿವಲಿಂಗ ಬಂದ. ಉಗುರಿನ ಸಂದಿಯಲ್ಲಿ ಗ್ರೀಸು, ಅಂಗಿಯ ಮೇಲೆ ಕೆಸರು.

"ತಡಾ ಆತೇನ್ರಿ?"

"ಇಲ್ರಿ. ಮುದಕಪ್ಪನ ಗದ್ದಿಗೆ ನೀರು ಹೋತೇನು?"

ಅವಳು ಅದನ್ನು ಕೇಳಿಯಾಳೆಂದು ಅವನು ಎಣಿಸಿರಲಿಲ್ಲ. ಮುಖ ಅರಳಿತು. "ಹೋತ್ರಿ. ತುಂಬಿ ಹರೀತು."

ಸುಶೀಲವ್ವ ಪಟ್ಟಿ ಕಟ್ಟಿದ ಮುಖವನ್ನು ಮೇಲೆತ್ತಿದಳು. "ಯಾರು ಬಂದಾರವ್ವಾ?"

"ನಮ್ಮವರು, ಬೇ," ಎಂದುಬಿಟ್ಟಳು ವಿದ್ಯಾವತಿ. ಅಂದ ಮೇಲೆ ನಾಚಿಕೆಯಾಗಿ ಅವ್ವನ ಸೆರಗು ಸರಿಮಾಡತೊಡಗಿದಳು.

ಶಿವಲಿಂಗ ಕೈಯನ್ನು ಅಂಗಿಗೆ ಚೆನ್ನಾಗಿ ಒರೆಸಿಕೊಂಡು, ಸುಶೀಲವ್ವನ ಇನ್ನೊಂದು ತೋಳು ಹಿಡಿದ.

"ಸಾವಕಾಶ ಬರ್ರಿ ಅತ್ತಿ, ಇಲ್ಲೊಂದು ಮೆಟ್ಟಲೈತಿ."